ನೆಲದ ಕೆಳಗಿನ ನಕ್ಷೆ

"ತಲೆ ತಗ್ಸೋ ಬೋಳಿಮಗನೆ! ದೊಡ್ಡವರ ಕಾರು ಬರೋ ಹೊತ್ತು. ನಿನ್ನ ಮುಖ ಕಂಡ್ರೆ ವಾಂತಿ ಮಾಡ್ಕೋತಾರೆ!"

ಹೆಡ್‌ಮಾಸ್ತರರು ಮೂಗಿಗೆ ಕರ್ಚೀಫು ಒತ್ತಿಕೊಂಡು ಗುಂಡಿಯ ಬಾಯಲ್ಲಿ ನಿಂತಿದ್ದರು. ಒಳಗೆ ಸೊಂಟಮಟ್ಟದ ಕೊಳಚೆಯಲ್ಲಿ ನಿಂತಿದ್ದ ಮೋರಿಯವನು ತಲೆ ತಗ್ಗಿಸಿದ. ಎರಡು ದಿನದಿಂದ ಶಾಲೆಯ ಕಕ್ಕಸಿನ ನೀರು ಕಟ್ಟಿಕೊಂಡಿತ್ತು. ಇವತ್ತು ನೋಡಿದರೆ ಪ್ರತಿಭಾ ಶೋಧದ ದಿನ. ಒಂದೊಂದು ಮಗುವಿನ ಒಳಗೂ ಏನು ಅಡಗಿದೆ ಎಂದು ಕಂಡುಹಿಡಿದು ಕಾರ್ಡಿನಲ್ಲಿ ಬರೆದುಕೊಡುತ್ತಾರಂತೆ. ಶಾಲೆಯ ಒಳಗೆ ಏನು ಅಡಗಿದೆ ಎಂಬುದು ಮೂಗಿದ್ದವರಿಗೆಲ್ಲ ಆಗಲೇ ಗೊತ್ತಾಗಿತ್ತು.

"ಸ್ವಾಮಿ, ನೀವು ಹೇಳಿದ ಕಡೆ ಪೈಪೇ ಇಲ್ಲ. ದಬ್ಬೆ ಒಂದು ಮಾರು ಹೋಗಿ ಕಲ್ಲಿಗೆ ಬಡೀತಿದೆ," ಎಂದು ಅವನು ಬಿದಿರ ದಬ್ಬೆಯನ್ನು ಎಳೆದು ತೋರಿಸಿದ.

"ಆಫೀಸಿನ ನಕ್ಷೆಲಿ ಹಿಂದಿನ ಗೇಟಿಗೆ ಹೋಗುತ್ತೆ ಅಂತಿದೆ. ಇಂಜಿನಿಯರು ಬರೆದಿದ್ದು ಕಣೋ ಅದು, ನಿಮ್ಮಪ್ಪ ಬರೆದಿದ್ದಲ್ಲ."

ಅವನ ಅಪ್ಪ ಬರೆದಿರಲಿಲ್ಲ, ನಿಜ. ಆದರೆ ಬರೆಯಬಲ್ಲವಳು ಅವನ ಮನೆಯಲ್ಲೇ ಇದ್ದಳು. ಸಿಕ್ಕ ಸಿಕ್ಕ ಕಾಗದದ ಚೂರಿನ ಮೇಲೆಲ್ಲ ಗೆರೆ ಎಳೆಯುತ್ತಿದ್ದ ಮಗಳಿಗೆ ಮನೆಯವರು ಚೀಟಿ ಎಂದೇ ಹೆಸರಿಟ್ಟಿದ್ದರು. ಸಂಜೆ ಅವನು ಮೂರು ಸಲ ಸೋಪು ಉಜ್ಜಿ ಮೈ ತೊಳೆಯುವಾಗ ಅವಳು ಬಚ್ಚಲ ಬಾಗಿಲಲ್ಲಿ ಕೂತಿರುತ್ತಿದ್ದಳು. ಇವತ್ತು ಎಲ್ಲಿ ಇಳಿದೆ ಅಪ್ಪ, ನೀರು ಯಾವ ಕೈಗೆ ತಿರುಗ್ತು, ಎಷ್ಟು ಮಾರು? ಹಾಗೆ ಕೇಳಿ ಕೇಳಿ ಕ್ಯಾಲೆಂಡರಿನ ಬೆನ್ನ ಮೇಲೆ ಇಡೀ ಬಡಾವಣೆಯ ಹೊಟ್ಟೆಯನ್ನು ಬರೆದಿದ್ದಳು. ಹೋದ ವರ್ಷ, "ಅಲ್ಲಿಗಿಳೀಬೇಡಪ್ಪ, ಎರಡು ಪೈಪು ಒಟ್ಟಿಗೆ ಸೇರ್ತವೆ," ಎಂದು ಹಟ ಹಿಡಿದು ಅವನನ್ನು ನಿಲ್ಲಿಸಿದ್ದಳು. ಇಳಿದ ಬೇರೆಯವನ ಹೆಣ ಮೇಲೆ ಬಂತು.

ಇವತ್ತು ಅವಳಿಗೆ ನಕ್ಷೆ ಬಿಡಿಸುವ ತರಗತಿ ಸಿಗಬೇಕಿತ್ತು. ಕಾರ್ಡಿನಲ್ಲಿ ಏನು ಬರೆಯುತ್ತಾರೋ ಮುಂದಿನ ಮೂರು ವರ್ಷ ಅದನ್ನೇ ಕಲಿಸುತ್ತಾರೆ. ಅಪ್ಪ ಮಗಳಿಬ್ಬರಿಗೂ ವಾರದಿಂದ ನಿದ್ದೆಯಿಲ್ಲ.

ಅವಳು ಕಾರ್ಡಿಗೆ ನಿಂತಿದ್ದ ಮಕ್ಕಳ ಸಾಲಿನಿಂದ ಜಾರಿಕೊಂಡು ಗುಂಡಿಯ ಹತ್ತಿರ ಬಂದಳು. ಕೈಯಲ್ಲಿ ಸೀಮೆಸುಣ್ಣ.

"ಅಪ್ಪಾ, ಅದು ಹಿಂದಕ್ಕೆ ಹೋಗಲ್ಲ. ಸ್ಟೇಜಿನ ಕಡೆ ತಗ್ಗಿದೆ. ಹಳೇ ಮುಚ್ಚಳ ಒಂದು ಅಲ್ಲೇ ಹೂತೋಗಿದೆ, ನಡೆದ್ರೆ ಟೊಳ್ಳು ಸದ್ದು ಬರುತ್ತೆ."

ಅವನು ದಬ್ಬೆಯನ್ನು ಆ ಕಡೆ ತಿರುಗಿಸಿ ತಿವಿದ; ಪೈಪಿನ ಬಾಯಿ ಸಿಕ್ಕಿತು, ಅಡ್ಡ ಕೂತಿದ್ದ ಕಸ ಸರಿದು ನೀರು ಹರಿಯತೊಡಗಿತು. ಅವಳು ಸಿಮೆಂಟಿನ ಮೇಲೆ ಗೆರೆ ಎಳೆಯುತ್ತಾ, ಹೆಜ್ಜೆ ಎಣಿಸುತ್ತಾ ಹೋದಳು. ವೇದಿಕೆಯ ಮುಂದಿನ ಕೆಂಪು ಕಾರ್ಪೆಟ್ಟಿನ ಮೇಲೆ, ಅತಿಥಿಗಳ ಸೋಫಾದ ಎದುರಿಗೇ ಒಂದು ಕತ್ತರಿ ಗುರುತು ಹಾಕಿದಳು.

"ಏಯ್ ಮುಂಡೇದೆ! ಕಾರ್ಪೆಟ್ ಹಾಳು ಮಾಡ್ತೀಯಾ?" ಹೆಡ್‌ಮಾಸ್ತರರು ಅವಳ ಕಿವಿ ಹಿಡಿದು ಗುಂಡಿಯ ತನಕ ಎಳೆತಂದರು. "ಇವನ ಮಗಳಾ ನೀನು? ಮತ್ತೆ ಇನ್ನೇನು! ಲೋ, ಪೈಪಿನ ಬಾಯಿಗೆ ಗೋಣಿಚೀಲ ತುರುಕಿ ಕಾಲಲ್ಲಿ ಒತ್ತಿ ನಿಂತ್ಕೋ. ಫಂಕ್ಷನ್ ಮುಗಿಯೋವರೆಗೂ ಒಂದು ಹನಿ ಆಚೆ ಹೋಗಬಾರದು."

"ನೀರು ಏರುತ್ತೆ ಸ್ವಾಮಿ."

"ಏರ್ಲಿ. ಸ್ನಾನ ಮಾಡಿ ಗೊತ್ತಿಲ್ವಾ ನಿಂಗೆ?"

ಅವನು ಒತ್ತಿ ನಿಂತ. ಅಷ್ಟರಲ್ಲಿ ಕಾರ್ಡಿನ ಕಟ್ಟು ಹಿಡಿದ ಪರೀಕ್ಷೆಯ ಮೇಡಂ ಸೀರೆ ಎತ್ತಿ ಹಿಡಿದುಕೊಂಡು ಬಂದರು. ನೆಲದ ಮೇಲಿನ ಗೆರೆಗಳನ್ನು ನೋಡಿ ನಕ್ಕರು.

"ಏನ್ ಬರೀತಿದೀಯ ಪುಟ್ಟಾ?"

"ನೆಲದ ಕೆಳಗಿರೋದು ಮೇಡಂ."

"ಛೀ, ಹೂವು ಹಕ್ಕಿ ಬರೆಯೋಕೆ ಬರಲ್ವಾ?"

"ಬರುತ್ತೆ. ಆದ್ರೆ ಅವು ಎಲ್ರಿಗೂ ಕಾಣ್ತವಲ್ಲ ಮೇಡಂ."

ಮೇಡಂ ಹುಡುಗಿಯ ಕೊಳಕು ಕೈ ನೋಡಿದರು, ಗುಂಡಿಯೊಳಗಿನ ತಲೆ ನೋಡಿದರು, ಸರಸರನೆ ಬರೆದರು. "ಪ್ರತಿ ಮಗುವಲ್ಲೂ ಏನೋ ಒಂದು ಇರುತ್ತೆ ಕಣಪ್ಪ. ರಕ್ತದಲ್ಲೇ ಬಂದಿರುತ್ತೆ," ಎಂದು ಕಾರ್ಡು ಕೊಟ್ಟು ಹೋದರು.

"ಓದೇ," ಎಂದ ಅಪ್ಪ. ಅವನಿಗೆ ಓದು ಬಾರದು.

"ಸಹಜ ಪ್ರತಿಭೆ, ಶುಚಿ ಕೆಲಸ," ಎಂದು ಅವಳು ಸಣ್ಣ ದನಿಯಲ್ಲಿ ಓದಿದಳು. "ಸೇರಬೇಕಾದ ತಂಡ, ಕಕ್ಕಸಿನ ಉಸ್ತುವಾರಿ."

ಇಪ್ಪತ್ತು ವರ್ಷ ಊರಿನ ಹೇಲು ಬಾಚಿದವನು ಆವತ್ತು ಮೊದಲ ಸಲ ದನಿ ಎತ್ತಿ ಕೂಗಿದ. ನೀರು ಎದೆಗೆ ಬಂದಿತ್ತು.

"ಸ್ವಾಮಿ! ಆ ಕಾರ್ಡು ಬದಲಾಯಿಸಿಕೊಡಿ. ನನ್ನ ಮಗಳು ನಕ್ಷೆ ಬರೀತಾಳೆ. ಒಂದು ಸಲ ನೋಡಿ ಸಾಕು."

"ಮುಚ್ಚೋ ಬಾಯಿ. ಭಾಷಣ ಶುರುವಾಗಿದೆ," ಎಂದು ಗದರಿದ ಹೆಡ್‌ಮಾಸ್ತರರು ವೇದಿಕೆಯತ್ತ ಓಡಿದರು.

ಮೈಕಿನಲ್ಲಿ ಅತಿಥಿಗಳ ದನಿ ಅಂಗಳವನ್ನೆಲ್ಲ ತುಂಬಿತು. "ಮಕ್ಕಳ ಒಳಗಿರೋದನ್ನ ಹೊರಗೆ ಬರೋಕೆ ಬಿಡಿ. ಒತ್ತಿ ಹಿಡೀಬೇಡಿ!" ಜನ ಚಪ್ಪಾಳೆ ತಟ್ಟಿದರು. ನೀರು ಗಲ್ಲಕ್ಕೆ ತಾಗಿತು. ಚೀಟಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಾರ್ಡನ್ನೇ ನೋಡುತ್ತಿದ್ದಳು. ಅವಳು ಅಳದೆ ಕೂತಿದ್ದುದನ್ನು ನೋಡಲು ಅವನಿಂದ ಆಗಲಿಲ್ಲ.

"ಚೀಟೀ, ನೀನು ಹಾಕಿದ ಗುರುತು ಸರಿಯಾಗಿದೆಯೇನೇ?"

"ಸರಿಯಾಗಿದೆ."

"ಗ್ಯಾರಂಟೀನಾ?"

"ಗ್ಯಾರಂಟಿ ಅಪ್ಪ."

ಅವನು ಕಾಲು ತೆಗೆದ. ಉಸಿರು ಬಿಗಿಹಿಡಿದು ಮುಳುಗಿ ಗೋಣಿಚೀಲವನ್ನು ಕಿತ್ತ. ಗುಂಡಿ ಗೊಳಗೊಳ ಎಂದಿತು. ನೀರು ಗಲ್ಲದಿಂದ ಎದೆಗೆ, ಎದೆಯಿಂದ ಸೊಂಟಕ್ಕೆ ಇಳಿಯಿತು.

ಸೋಫಾದ ಎದುರಿನ ಕಾರ್ಪೆಟ್ಟು ಮೊದಲು ಉಬ್ಬಿತು. ಆಮೇಲೆ ಕಪ್ಪಾಯಿತು. ಭಾಷಣ ನಿಂತಿತು. ಕುರ್ಚಿಗಳು ಉರುಳಿದವು, ಮೇಡಂ ಸೋಫಾ ಹತ್ತಿದರು, ಕಾರ್ಡುಗಳು ಕೊಳಚೆಯಲ್ಲಿ ತೇಲಿದವು.

"ಯಾವ ಸೂಳೆಮಗನೋ ಗೋಣಿ ತೆಗೆದಿದ್ದು?" ಎಂದು ಅರಚುತ್ತಾ ಹೆಡ್‌ಮಾಸ್ತರರು ಗುಂಡಿಯತ್ತ ಓಡಿಬಂದರು.

"ನಾನೇ," ಎಂದ ಮೋರಿಯವನು. ಗುಂಡಿಯಿಂದ ಮೇಲೆ ಬಂದು, ಮೈಯೆಲ್ಲ ಸೋರುತ್ತಾ, ಹೆಡ್‌ಮಾಸ್ತರರ ಎದುರಿಗೆ ತಲೆ ಎತ್ತಿ ನಿಂತ. ಅವರು ಎತ್ತಿದ ಕೈ ಅವನ ಮೈ ಮುಟ್ಟಲು ಹೇಸಿ ಅಲ್ಲೇ ನಿಂತಿತು.

ಚೀಟಿ ಇಬ್ಬರನ್ನೂ ದಾಟಿ ಹೋದಳು. ಕೊಳಚೆ ಉಕ್ಕುತ್ತಿದ್ದ ಜಾಗದ ಪಕ್ಕ ಕೂತು, ತನ್ನ ಕತ್ತರಿ ಗುರುತಿನಿಂದ ಅಲ್ಲಿಗೆ ಕೈಯಲ್ಲಿ ಅಳೆದಳು.

"ಅಪ್ಪಾ, ಒಂದು ಗೇಣು ತಪ್ಪಿದೀನಿ," ಎಂದು ಕೂಗಿ ಹೇಳಿದಳು. ತನ್ನ ಕಾರ್ಡನ್ನು ಮಗುಚಿ ಬೆನ್ನಿನ ಖಾಲಿ ಜಾಗದಲ್ಲಿ ಗೆರೆ ತಿದ್ದತೊಡಗಿದಳು.