ಮೀಲ್ ಬಿಕೇಮ್?

ಆಸ್ಪತ್ರೆಯ ಲಾಂಡ್ರಿಯಲ್ಲಿ ದೊಡ್ಡ ಬೆಡ್‌ಶೀಟು ಮಡಚಲು ಇಬ್ಬರು ಬೇಕು. ತಲಾ ಎರಡು ಮೂಲೆ ಹಿಡಿದು, ಜಾಡಿಸಿ, ಎದುರೆದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕರ್ನಾಟಕದಿಂದ ಹೋಗಿದ್ದ ನಮ್ಮವಳ ಎದುರಿಗಿದ್ದವಳು ಆ ಪರದೇಶದ ಊರಿನವಳೇ ಆದ ಆರಡಿ ಹೆಂಗಸು. ನಮ್ಮವಳು ಮನಸ್ಸಿನಲ್ಲೇ ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟಿದ್ದಳು. ಹೊಸದಾಗಿ ಬಂದು ಸೇರಿದ ಆ ಊರಿನಲ್ಲಿ ಇವಳೊಂದಿಗೆ ಮಾತಾಡುತ್ತಿದ್ದ ಜೀವ ಅದೊಂದೇ.

ಮಾತು ಶುರುವಾದದ್ದು ಒಂದು ತಪ್ಪಿನಿಂದ. ಮೊದಲ ವಾರ, ಮೂಲೆ ಕೂಡಿಸುವಾಗ, ಬಾಯಿಗೆ ಬಂದ 'ಊಟ ಆಯ್ತಾ'ವನ್ನು ಹಾಗೇ ಇಂಗ್ಲಿಷಿಗೆ ಎತ್ತಿ ಹಾಕಿ "ಮೀಲ್ ಬಿಕೇಮ್?" ಎಂದು ಕೇಳಿಬಿಟ್ಟಿದ್ದಳು. ಉದ್ದಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆಮೇಲೆ, ತಾನು ತಿಂದಿದ್ದ ತಣ್ಣನೆಯ ಬ್ರೆಡ್ಡಿನಿಂದ ಹಿಡಿದು ಮಂಡಿನೋವು, ಫೋನು ಮಾಡದ ಮಗಳವರೆಗೆ ಹನ್ನೆರಡು ಬೆಡ್‌ಶೀಟು ಮುಗಿಯುವಷ್ಟು ಹೊತ್ತು ಹೇಳಿದಳು. ಅಂದಿನಿಂದ ದಿನಾ ಅದೇ ಪ್ರಶ್ನೆ, ದಿನಾ ಹೊಸ ಪುರಾಣ. ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಎಷ್ಟು ಹಿತವಾಗಿತ್ತು!

ಒಂದು ದಿನ ಸೂಪರ್‌ವೈಸರ್ ಕೇಳಿಸಿಕೊಂಡು ಎಲ್ಲರೆದುರು ಅಣಕಿಸಿದ. ಇವಳಿಗೆ ಮಾನ ಹೋದಂತಾಯಿತು. ಅವತ್ತೇ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ 'ನಲವತ್ತು ದಿನದಲ್ಲಿ ಸಹಜ ಇಂಗ್ಲಿಷ್' ಎಂಬ ವಿಡಿಯೊ ಪಾಠ ಹಿಡಿದಳು.

"ಊಟ ಆಯ್ತಾ ಅಂತ ಅಲ್ಲಿ ಯಾರೂ ಕೇಳಲ್ಲ," ಎಂದರು ವಿಡಿಯೊದ ಮೇಷ್ಟ್ರು. "ಹೌ ಈಸ್ ಇಟ್ ಗೋಯಿಂಗ್ ಅನ್ನಿ. ಗುಡ್, ಯೂ? ಅಂತಾರೆ. ಅಲ್ಲಿಗೆ ಮುಗೀತು."

ಮುಗಿದೇ ಹೋಯಿತು. ಇವಳು ಕೇಳಿದಳು, ಉದ್ದಕ್ಕ "ಗುಡ್, ಯೂ?" ಎಂದಳು, ಮೂಲೆ ಕೂಡಿತು, ಇಬ್ಬರೂ ಹಿಂದೆ ಸರಿದರು. ಸೂಪರ್‌ವೈಸರ್ ಕೂಡ ಭೇಷ್ ಎಂದ. ಸುಡಲಿ ಅವನ ಭೇಷು! ಕೋಣೆಗೆ ಹೋದರೆ ಒಂದು ತಟ್ಟೆ, ಒಂದು ಲೋಟ. ಕೆಲಸಕ್ಕೆ ಬಂದರೆ ಮೂರೇ ಮೂರು ಮಾತು. ಹಳೆಯ ಪ್ರಶ್ನೆ ತುಟಿಯವರೆಗೂ ಬರುತ್ತಿತ್ತು, ನಾಚಿಕೆಯಾಗಿ ನುಂಗಿಕೊಳ್ಳುತ್ತಿದ್ದಳು.

ಪಾಠ ಮುಗಿದ ವಾರ ಉದ್ದಕ್ಕ ಮೂಲೆ ಕೂಡಿಸಿದವಳು ಕೈಬಿಡದೆ ನಿಂತಳು.

"ನನ್ನ ಮೇಲೆ ಕೋಪಾನಾ? ಮುಂಚೆ ದಿನಾ ಊಟದ ವಿಷಯ ಕೇಳ್ತಿದ್ದೆ. ಈಗ ಕೇಳೋದೇ ಇಲ್ಲ. ನನ್ನನ್ನ ಹಾಗೆ ಕೇಳೋಕೆ ಇನ್ಯಾರಿದ್ದಾರೆ ಹೇಳು?"

ನಮ್ಮವಳಿಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಆದರೆ ನಲವತ್ತು ದಿನ ಪಳಗಿದ ನಾಲಿಗೆ, 'ಪರವಾಗಿಲ್ಲ ಬಿಡಿ' ಎನ್ನಲು ಮೇಷ್ಟ್ರು ಕಲಿಸಿದಂತೆ ಒಂದಕ್ಷರ ತಪ್ಪದೆ, ತನ್ನಷ್ಟಕ್ಕೆ ತಾನೇ ಹೊರಳಿತು: "ನೋ ವರೀಸ್."

ಉದ್ದಕ್ಕ ಸರಿ ಬಿಡು ಎಂಬಂತೆ ತಲೆಯಾಡಿಸಿ ಮುಂದಿನ ಬೆಡ್‌ಶೀಟಿನ ಮೂಲೆ ಇವಳ ಕೈಗೆ ಕೊಟ್ಟಳು.