ಆಯುಧಪೂಜೆ ದಿನದ ಸುಳ್ಳು ಕರೆಗಳು

ಕುಂಕುಮದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈಗಿನ ಕಾರುಗಳಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಅಪಾಯವಾದಾಗ ಅದನ್ನು ಒತ್ತಿದರೆ ಹೆಬ್ಬಾಳದ ನಮ್ಮ ಕೇಂದ್ರಕ್ಕೆ ಕರೆ ಬರುತ್ತದೆ, ಕಾರೊಳಗಿನ ಸದ್ದು ನಮ್ಮ ಕಿವಿಗೆ ಬೀಳುತ್ತದೆ. ಆಯುಧಪೂಜೆಯ ದಿನ ಅರ್ಚಕರು ಸ್ಟಿಯರಿಂಗಿಗೊಂದು, ಗೇರಿಗೊಂದು ಬೊಟ್ಟು ಇಟ್ಟು, ಆ ಗುಂಡಿಗೂ ಭಕ್ತಿಯಿಂದ ಒಂದು ಒತ್ತಿಬಿಡುತ್ತಾರೆ. ಬೆಳಗಿನಿಂದ ನನ್ನ ಕಿವಿಯಲ್ಲಿ ಬರೀ ಗಂಟೆ, ಮಂತ್ರ, ತೆಂಗಿನಕಾಯಿ.

ಇದು ಏಳು ದೇಶಗಳ ರಸ್ತೆ ಪ್ರಾಧಿಕಾರಗಳು ಸೇರಿ ನಡೆಸುತ್ತಿರುವ ಪ್ರಯೋಗ. ನಿಯಮಗಳನ್ನೂ ಅವರೇ ಕೂತು ಮಾಡಿದ್ದಾರೆ. ಕಾರು ಗುದ್ದಿದರೆ ಆಂಬುಲೆನ್ಸ್ ಕೇಳದೆಯೇ ಹೊರಡಬೇಕು. ಕೈಯಿಂದ ಗುಂಡಿ ಒತ್ತಿ ಸುಮ್ಮನಿದ್ದರೆ ಅರ್ಧ ನಿಮಿಷ ಕಾದು, ಸುಳ್ಳು ಕರೆ ಎಂದು ಮುಚ್ಚಬೇಕು. ಆ ಏಳು ದೇಶದವರಲ್ಲಿ ಒಬ್ಬರಿಗಾದರೂ ಆಯುಧಪೂಜೆ ನೆನಪಾಗಬಾರದಿತ್ತೇ? ಸಭೆಯಲ್ಲಿ ನಮ್ಮವರೂ ಇದ್ದರಂತೆ. ಬಿಸ್ಕತ್ತು ತಿನ್ನುತ್ತಿದ್ದರೇನೋ.

ನಮ್ಮ ಮೇಲ್ವಿಚಾರಕ ರಘುನಾಥ್ ಕೆಟ್ಟವರಲ್ಲ. ಬೆಳಿಗ್ಗೆ ಇಂಥದ್ದೇ ಮೂಕ ಕರೆಗೆ ಮನಸ್ಸು ಕರಗಿ ಯಶವಂತಪುರದ ಮಾರುಕಟ್ಟೆಗೆ ಆಂಬುಲೆನ್ಸ್ ಕಳಿಸಿದ್ದರು. ಅಲ್ಲಿನ ಹಮಾಲರು ಆಂಬುಲೆನ್ಸಿಗೂ ಹಾರ ಹಾಕಿ, ಡ್ರೈವರಿಗೆ ಕಡಲೆಪುರಿ ಕಟ್ಟಿ ಕಳಿಸಿದರು. ಆಮೇಲೆ ಪ್ರಾಧಿಕಾರದವರಿಂದ ಬೈಯುವ ಫೋನು ಬಂತು.

"ಗೋದಾ, ಮಾತಿಲ್ಲ ಅಂದ್ರೆ ಮುಚ್ಚಿ. ಇರೋದೇ ಮೂರು ಗಾಡಿ. ಹೈವೇಲಿ ಯಾರಾದ್ರೂ ಸತ್ರೆ ಏನ್ ಹೇಳ್ಲಿ?" ಎಂದರು ರಘುನಾಥ್. ಅದೂ ನಿಜವೇ.

ಮಧ್ಯಾಹ್ನದ ಹೊತ್ತಿಗೆ ಬ್ಯಾಟರಾಯನಪುರದಿಂದ ಒಂದು ಕರೆ ಬಂತು. ಮಾಲೀಕ ಮುನಿಕೃಷ್ಣಪ್ಪ, ಹೊಸ ಗಾಡಿ, ನಿಂತಿದೆ, ಬಾಗಿಲು ಮುಚ್ಚಿದೆ ಎಂದು ಪರದೆ ತೋರಿಸಿತು. ಹೊರಗೆ ತಮಟೆ. ಮುಚ್ಚಲು ಹೊರಟವಳು ಕೈ ತಡೆದೆ. ತಮಟೆಯ ಕೆಳಗೆ ಯಾರೋ ಉಸಿರು ಎಳೆಯುತ್ತಿದ್ದರು, ಒಣಗಿದ ಬೋರ್‌ವೆಲ್ಲಿನ ಪಂಪು ಎಳೆದಂತೆ.

"ಸರ್, ಕೇಳಿಸ್ತಿದ್ಯಾ? ಮಾತಾಡಕ್ಕಾಗಲ್ಲ ಅಂದ್ರೆ ಕೆಮ್ಮಿ."

"ಲಕ್ಕಮ್ಮಾ..." ಎಂದಿತು ಆ ದನಿ. ರಘುನಾಥರಿಗೆ ಹೇಳಿದೆ.

"ಹೆಂಡ್ತೀನ ಪೂಜೆಗೆ ಕರೀತಿದಾರೆ. ಮುಚ್ಚಿ," ಎಂದರು ರಘುನಾಥ್.

"ಕರೆಯೋ ದನಿ ಅಲ್ಲ ಸರ್ ಇದು. ಗಾಡಿ ಕಳಿಸಿ, ನಿಮ್ ಕಾಲಿಗೆ ಬೀಳ್ತೀನಿ."

ಅವರು ಆಗದೆಂದು ತಲೆ ಆಡಿಸಿದರು. ನೋಂದಾಯಿಸಿದ್ದ ನಂಬರಿಗೆ ಫೋನ್ ಮಾಡಿದೆ. ಅದು ಆ ಕಾರಿನೊಳಗೇ ರಿಂಗಾಯಿತು. ಮನೆಯವರೆಲ್ಲ ಗಾಜಿನಾಚೆ ಕೈಯಳತೆಯಲ್ಲಿ ನಿಂತಿದ್ದಾರೆ, ಒಬ್ಬರಿಗೂ ಸುದ್ದಿ ಮುಟ್ಟಿಸಲು ನನಗೆ ದಾರಿಯಿಲ್ಲ.

ಅಪಘಾತವಾದ ಕಾರು ಪೊದೆಯಲ್ಲಿ ಬಿದ್ದಿದ್ದರೆ ಹುಡುಕಲು ಸುಲಭವಾಗಲಿ ಎಂದು ಅದರ ಹಾರ್ನನ್ನು ನಾವು ಇಲ್ಲಿಂದಲೇ ಬಾರಿಸಬಹುದು. ಜೋರಾಗಿ ಬಾರಿಸಿದೆ.

ಹೊರಗೆ ಹೋ ಎಂದು ಕೂಗೆದ್ದಿತು. "ಅಪ್ಪ ಆರ್ನ್ ಹೊಡ್ದ ಕಣ್ರೋ! ಒಡೀರ್ಲಾ ಕುಂಬಳಕಾಯಿ!"

ಮನೆಯ ಹಿರಿಯರು ಒಬ್ಬರೇ ಒಳಗೆ ಕೂತು, ಹಾರ್ನ್ ಹೊಡೆದು, ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವುದು ವಾಡಿಕೆ. ನಮ್ಮಪ್ಪ ಸ್ಕೂಟರಿಗೂ ಹಾಗೇ ಮಾಡುತ್ತಾರೆ. ಗಾಬರಿಯಲ್ಲಿ ನನಗದು ಹೊಳೆದಿರಲಿಲ್ಲ. ಮತ್ತೆ ಬಾರಿಸಿದೆ. ಚಪ್ಪಾಳೆ ಬಿತ್ತು. ಇನ್ನೊಮ್ಮೆ ಬಾರಿಸಿದೆ. ತಮಟೆಯವನಿಗೆ ಹುರುಪು ಬಂದು ಇನ್ನೂ ಜೋರಾಗಿ ಬಡಿದ. ನನಗೆ ಅಳುವೂ ಬಂತು, ಆ ತಮಟೆ ಹರಿದುಹಾಕುವಷ್ಟು ಸಿಟ್ಟೂ ಬಂತು. ಕೆಳಗಿನ ಉಸಿರು ದೂರದೂರವಾಗುತ್ತಿತ್ತು.

ರಘುನಾಥ್ ನನ್ನ ಹೆಡ್‌ಫೋನ್ ಕಿತ್ತುಕೊಂಡು ಕಿವಿಗಿಟ್ಟುಕೊಂಡರು. ಮುಖ ಇಳಿದುಹೋಯಿತು. ಕೊಡಿಗೇಹಳ್ಳಿಯ ಹತ್ತಿರವಿದ್ದ ಗಾಡಿಗೆ ಅವರೇ ಕೂಗಿ ಹೇಳಿದರು. "ನಿಲ್ಲಿಸ್ಬೇಡಿ ಗೋದಾ, ಹಾರ್ನ್ ನಿಲ್ಲಿಸ್ಬೇಡಿ."

ನಾನು ನಿಲ್ಲಿಸಲಿಲ್ಲ. ಕೊನೆಗೆ ಒಬ್ಬ ಹೆಂಗಸು ರೇಗಿ ಬಾಗಿಲು ತೆರೆದಳು. "ಸಾಕು ಬುಡು, ಯಾಕಿಂಗೆ ಬಡ್ಕೊತೀಯ..." ಮಾತು ಅಲ್ಲಿಗೇ ನಿಂತಿತು. ಆಮೇಲೆ ಅವಳ ಕಿರುಚಾಟಕ್ಕೆ ತಮಟೆಯೂ ನಿಂತಿತು.

"ಲಕ್ಕಮ್ಮನೋರೇ, ಕಾರಿನ ಸ್ಪೀಕರಲ್ಲಿ ಮಾತಾಡ್ತಿದೀನಿ. ಅವರನ್ನ ಕೆಳಗೆ ಅಂಗಾತ ಮಲಗ್ಸಿ. ಎದೆ ಮಧ್ಯ ಎರಡೂ ಕೈಯಿಟ್ಟು ಜೋರಾಗಿ ಒತ್ತಿ. ನಿಲ್ಲಿಸ್ಬೇಡಿ."

"ಬಾಲರಾಜು, ನೀನ್ ಒತ್ತಪ್ಪ," ಎಂದಳು ಆಕೆ. ಮಗ ಒತ್ತಿದ. ನಾನು ಲೆಕ್ಕ ಹೇಳುತ್ತಾ ಹೋದೆ. ಬೀದಿಯ ತುಂಬ ಬಾಳೆಕಂದು ಕಟ್ಟಿದ ಗಾಡಿಗಳು, ಆಂಬುಲೆನ್ಸಿನವರು ಕೊನೆಯ ತಿರುವಿನಿಂದ ಓಡಿ ಬರಬೇಕಾಯಿತು. ಬಂದವರು ಬಹಳ ಹೊತ್ತು ಪ್ರಯತ್ನಪಟ್ಟರು. ಆಮೇಲೆ ಒಬ್ಬ ಕಾರೊಳಗೆ ಬಗ್ಗಿ, "ಇಲ್ಲ ಮೇಡಂ, ಹೋಗ್ಬಿಟ್ರು," ಎಂದ.

ಕರೆ ಮುಚ್ಚಲು ನನಗೆ ಮನಸ್ಸಾಗಲಿಲ್ಲ. ಲಕ್ಕಮ್ಮ ಬಂದು ಆ ಸೀಟಿನಲ್ಲಿ ಕೂತದ್ದು ಕೇಳಿಸಿತು.

"ಅಷ್ಟೊಂದ್ ಸಲ ಆರ್ನ್ ಹೊಡ್ದು ಹೊಡ್ದು ಕರೆದ್ರಲ್ಲವ್ವ ನಮ್ ಯಜಮಾನ್ರು. ನಾವು ಚಪ್ಪಾಳೆ ತಟ್ತಿದ್ವಲ್ಲ."

ಈ ಭಾರವನ್ನಾದರೂ ಇಳಿಸೋಣ ಎನಿಸಿತು. "ಅವರಲ್ಲಮ್ಮ. ಹಾರ್ನ್ ಹೊಡೆದಿದ್ದು ನಾನು, ಹೆಬ್ಬಾಳದಿಂದ. ಅವರು ನರಳೋದು ಕೇಳಿಸ್ತು, ಅದಕ್ಕೆ."



"ಎಬ್ಬಾಳದಲ್ಲಿ ಕೂತಿರೋಳ್ಗೆ ಕೇಳಿಸ್ತಾ?" ಎಂದಳು. "ನಾನು ಬಾಗ್ಲಿಗೆ ಒರಗ್ಕೊಂಡೇ ನಿಂತಿದ್ದೆ ಕಣವ್ವ."