ಹನುಮಂತಯ್ಯನವರು ಕಿವಿ ತೋರಿಸಿದರು

ಮಾರೇನಹಳ್ಳಿಯ ಆ ಅಡ್ಡರಸ್ತೆಯಲ್ಲಿ ಸಂಜೆ ಏಳು ಗಂಟೆಯಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡಬೇಕಾಗಿರಲಿಲ್ಲ. ಹನುಮಂತಯ್ಯನವರ ಮನೆಯ ಟಿವಿಯಲ್ಲಿ ವಾರ್ತೆ ಶುರುವಾದರೆ ಬೀದಿ ತುದಿಯ ಬೇಕರಿಯವರೆಗೂ ಕೇಳುತ್ತಿತ್ತು.

"ಸ್ವಲ್ಪ ಕಮ್ಮಿ ಮಾಡ್ರೀ," ಎನ್ನುತ್ತಿದ್ದರು ಹೆಂಡತಿ ಬೋರಮ್ಮ.

"ಇಷ್ಟಿಟ್ರೂ ಸರಿಯಾಗಿ ಕೇಳ್ತಿಲ್ಲ, ಇನ್ನೇನ್ ಕಮ್ಮಿ ಮಾಡ್ಲಿ? ಈಗಿನವ್ರು ಬಾಯೊಳಗೇ ಮಾತಾಡ್ತಾರೆ ಕಣೇ!"

ಹನುಮಂತಯ್ಯನವರಿಗೆ ಅರವತ್ತೊಂಬತ್ತು. ಊರಿನ ಹಳೇ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ. ಕೆಳಗೆ ತಾವು, ಮೇಲೆ ಬಾಡಿಗೆಯವರು. ಪ್ರಾಯದಲ್ಲಿ ಇಪ್ಪತ್ತೆರಡು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳ ಸದ್ದಿನ ನಡುವೆ ದುಡಿದವರು. ಆದರೆ ಸುತ್ತಮುತ್ತಲಿನವರಿಗೆ ಅವರು ಗೊತ್ತಿದ್ದದ್ದು ಸೇವಾ ಕ್ಲಬ್ಬಿನ ಹನುಮಂತಯ್ಯ ಎಂದೇ.

ಕ್ಲಬ್ಬಿನಲ್ಲಿ ಇಪ್ಪತ್ತಾರು ಜನ ಸದಸ್ಯರು. ತಿಂಗಳಿಗೆರಡು ಶನಿವಾರ ಸಂಜೆ ಆರಕ್ಕೆ ಕಲ್ಯಾಣ ಮಂಟಪದ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದರು. ಮೊದಲು ಪ್ರಾರ್ಥನೆ, ಆಮೇಲೆ ಹಿಂದಿನ ಸಭೆಯ ವರದಿ, ಮುಂದಿನ ಕೆಲಸದ ಮಾತುಕತೆ, ಕೊನೆಗೆ ಕಾಫಿ ಮತ್ತು ನಿಪ್ಪಟ್ಟು. ರಕ್ತದಾನ ಶಿಬಿರವಿರಲಿ, ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚುವುದಿರಲಿ, ಕುರ್ಚಿ ಜೋಡಿಸಲು ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಹನುಮಂತಯ್ಯ. ಎಲ್ಲರೂ ಹೋದಮೇಲೆ ಕಸ ಗುಡಿಸಿ ಬೀಗ ಹಾಕುತ್ತಿದ್ದವರೂ ಅವರೇ.

ಜೂನ್ ತಿಂಗಳ ಒಂದು ಸಭೆಯಲ್ಲಿ ಕಾರ್ಯದರ್ಶಿ ಸೀತಾ ಎದ್ದು ನಿಂತರು. ಅವರು ನಿವೃತ್ತ ನರ್ಸ್. "ಮುಂದಿನ ತಿಂಗಳು ನಾವೊಂದು ಕಿವಿ ಶಿಬಿರ ಮಾಡೋಣ. ನಮ್ಮ ಏರಿಯಾದಲ್ಲಿ ವಯಸ್ಸಾದವ್ರು ತುಂಬಾ ಇದಾರೆ," ಎಂದರು.

ತಲೆಯ ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹನುಮಂತಯ್ಯ ಖುಷಿಯಿಂದ ಕೈಯೆತ್ತಿದರು.

"ಕವಿ ಶಿಬಿರಾನಾ? ಭೇಷ್! ಶಾಲು, ಹಾರ ಎಲ್ಲಾ ನಂದು. ಎಷ್ಟು ಜನ ಕವಿಗಳು ಬರ್ತಾರೆ?"

ಕೋಣೆ ತುಂಬ ನಗು. ಯಾರೋ ಮೇಜು ಕುಟ್ಟಿ ನಕ್ಕರು. ಏಕೆ ನಗುತ್ತಿದ್ದಾರೆಂದು ತಿಳಿಯದೆ ಹನುಮಂತಯ್ಯನವರೂ ಸ್ವಲ್ಪ ನಕ್ಕರು. ಪಕ್ಕದವರು ಕಿವಿ ಮುಟ್ಟಿ ತೋರಿಸಿದಾಗ ಮುಖ ಬಿಸಿಯಾಯಿತು. ಕಾಫಿಗೂ ನಿಲ್ಲದೆ ಮೆಟ್ಟಿಲಿಳಿದು ಮನೆಗೆ ಬಂದುಬಿಟ್ಟರು.

ಮುಂದಿನ ಸಭೆಗೆ ಹೋಗಲಿಲ್ಲ. ಬೋರಮ್ಮ ಕೇಳಿದರೆ ಮಂಡಿ ನೋವು ಎಂದರು. ಅದರ ಮುಂದಿನ ಸಭೆಗೂ ಅದೇ ಮಂಡಿ ನೋವು. ಬೆಳಗಿನ ವಾಕಿಂಗಿನಲ್ಲಿ ಗೆಳೆಯರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ನಾಲ್ಕು ಜನ ಮಾತಾಡುವಲ್ಲಿ ತಾನೊಬ್ಬ ಸುಮ್ಮನೆ ತಲೆಯಾಡಿಸುವುದು ಅವರಿಗೆ ಸಾಕಾಗಿಹೋಗಿತ್ತು. ಆದರೆ ಅದನ್ನು ಹೆಂಡತಿಯ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹನುಮಂತಯ್ಯ ಹಾಲಿನಲ್ಲಿ ಪೇಪರ್ ಓದುತ್ತಿದ್ದರು. ಇದ್ದಕ್ಕಿದ್ದಂತೆ ಮೇಲಿನ ಮನೆಯ ಗುರುದೇವಿ ಹಿಂಬಾಗಿಲಿನಿಂದ ನುಗ್ಗಿ, ಅವರನ್ನು ದಾಟಿಕೊಂಡು ಬಚ್ಚಲುಮನೆಯ ಕಡೆಗೆ ಓಡಿದಳು. ರಾಯಚೂರಿನ ಕಡೆಯಿಂದ ಬಂದು ಒಂದು ವರ್ಷವಾಗಿತ್ತು, ಒಂದು ದಿನವೂ ಹೇಳದೆ ಕೇಳದೆ ಒಳಗೆ ಬಂದವಳಲ್ಲ. ಹನುಮಂತಯ್ಯ ಗಾಬರಿಯಿಂದ ಹಿಂದೆಯೇ ಹೋದರು. ಬೋರಮ್ಮ ಒದ್ದೆ ನೆಲದ ಮೇಲೆ ಬಿದ್ದಿದ್ದರು. ಕಾಲು ಮಡಚಿಕೊಂಡಿತ್ತು.

ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಕೂರಿಸಿದರು.

"ಕೂಗ್ಬಾರ್ದೇನೇ ನನ್ನ?" ಎಂದರು ಹನುಮಂತಯ್ಯ.

ಗುರುದೇವಿ ನೆಲ ನೋಡುತ್ತಾ ಹೇಳಿದಳು: "ಹತ್ತು ಮಿನಿಟಿನಿಂದ ಕೂಗಾಕತ್ತಿದ್ರು, ಕಾಕಾರ. ನನಗ ಮ್ಯಾಲ ಕೇಳಿಸ್ತು. ಮುಂದಿನ ಬಾಗಿಲ ಬೆಲ್ ಮೂರು ಸಲ ಹೊಡದೆ. ನೀವು ಏಳಲಿಲ್ಲ, ಅದಕ್ಕ ಹಿಂದ ಬಂದೆ."

ಹನುಮಂತಯ್ಯ ಮುಂಬಾಗಿಲ ಕಡೆ ತಿರುಗಿ ನೋಡಿದರು. ಓದುತ್ತಿದ್ದ ಪೇಪರ್ ನೆಲದ ಮೇಲೆ ಬಿದ್ದಿತ್ತು.

ಮೂಳೆ ಮುರಿದಿರಲಿಲ್ಲ, ಪಾದ ಉಳುಕಿತ್ತು ಅಷ್ಟೇ. ಸುದ್ದಿ ತಿಳಿದು ಸಂಜೆ ಸೀತಾ ನೋಡಲು ಬಂದರು. ಬೋರಮ್ಮನ ಕಾಲಿಗೆ ಪಟ್ಟಿ ಕಟ್ಟಿ, ಹನುಮಂತಯ್ಯನವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು:

"ಅವತ್ತು ನಾವು ನಕ್ಕಿದ್ದು ತಪ್ಪು. ನಾನೂ ನಕ್ಕೆ. ಕ್ಷಮಿಸಿ."

"ಅಯ್ಯೋ, ಬಿಡಿ ಸೀತಮ್ಮ."

"ಹಾಗಾದ್ರೆ ಭಾನುವಾರ ಶಿಬಿರಕ್ಕೆ ಬನ್ನಿ. ಕುರ್ಚಿ ಹಾಕೋಕಲ್ಲ, ಕಿವಿ ತೋರಿಸೋಕೆ."

"ವಯಸ್ಸಾಯ್ತಲ್ಲಮ್ಮ, ಎಲ್ರಿಗೂ ಇಷ್ಟೇ. ಬಿಸಿ ಎಣ್ಣೆ ಬಿಟ್ಕೋತಾ ಇದೀನಿ."

"ಎಣ್ಣೆ ಬಿಡಬೇಡಿ, ಪಿನ್ನು ಕಡ್ಡಿ ಅಂತೂ ಹಾಕ್ಲೇಬೇಡಿ. ಒಳಗೆ ತಮಟೆಗೆ ಪೆಟ್ಟಾದ್ರೆ ಕಷ್ಟ. ಬರೀ ಗುಗ್ಗೆ ಕಟ್ಟಿದ್ರೆ ಡಾಕ್ಟರು ಅಲ್ಲೇ ತೆಗೀತಾರೆ. ಬೇರೆ ಏನಾದ್ರೂ ಇದ್ರೆ ಅದಕ್ಕೂ ದಾರಿ ಇದೆ."

"ಮೆಷಿನ್ ಹಾಕ್ಕೊಂಡ್ರೆ ಜನ ಕಿವುಡ ಅಂತಾರೆ."

"ನೀವು ಕನ್ನಡಕ ಹಾಕಿದೀರಲ್ಲ, ಯಾರಾದ್ರೂ ಕುರುಡ ಅಂದ್ರಾ?"

ಹನುಮಂತಯ್ಯ ಹೆಂಡತಿಯ ಊದಿದ ಕಾಲು ನೋಡಿದರು. "ಬರ್ತೀನಿ," ಎಂದರು.

ಶಿಬಿರ ನಡೆದದ್ದು ಶಾಲೆಯಲ್ಲಿ. ಹಿಂದಿನ ಮೂಲೆಯ ಕೋಣೆ, ಸದ್ದಿಲ್ಲದ ಜಾಗ. ಡಾಕ್ಟರು ಮೊದಲು ಬೆಳಕು ಬಿಟ್ಟು ನೋಡಿ ಬಲಗಿವಿಯ ಗುಗ್ಗೆ ತೆಗೆದರು. ಆಮೇಲೆ ತಲೆಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಬೆರಳೆತ್ತಲು ಹೇಳಿದರು. ಸೂಜಿಯಿಲ್ಲ, ನೋವಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು.

"ಮಗ್ಗದ ಸದ್ದಲ್ಲಿ ಬಹಳ ವರ್ಷ ಇದ್ರಲ್ಲ ಸಾರ್, ಕಿವಿ ದಣಿದಿದೆ," ಎಂದರು ಡಾಕ್ಟರು. "ಹೀಗಾದಾಗ ಸಣ್ಣ, ತೆಳು ದನಿಗಳೇ ಮೊದಲು ಕೇಳದ ಹಾಗಾಗ್ತವೆ. ಹೆಂಗಸರ ದನಿ, ಮಕ್ಕಳ ದನಿ, ಬಾಗಿಲ ಬೆಲ್. ಶ್ರವಣ ಸಾಧನ ಹಾಕ್ಕೊಂಡ್ರೆ ಕೇಳುತ್ತೆ."

ಬೋರಮ್ಮನ ದನಿ ತನಗೆ ಯಾವಾಗಿನಿಂದ ಕಮ್ಮಿಯಾಯಿತು ಎಂದು ನೆನಪು ಮಾಡಿಕೊಳ್ಳಲು ಹನುಮಂತಯ್ಯ ಪ್ರಯತ್ನಿಸಿದರು. ಗೊತ್ತಾಗಲಿಲ್ಲ. ಇಷ್ಟು ದಿನ ಅವಳೇ ಮೆತ್ತಗೆ ಮಾತಾಡುತ್ತಾಳೆ ಅಂದುಕೊಂಡಿದ್ದರು.

ಎರಡು ವಾರದ ನಂತರ ಆಸ್ಪತ್ರೆಯಲ್ಲಿ ಸಾಧನ ಕೊಟ್ಟರು. ಮೊದಲ ದಿನ ರಗಳೆಯೋ ರಗಳೆ. ಚಮಚ ಬಿದ್ದರೆ ಬಾಂಡ್ಲಿಯೇ ಉರುಳಿದಂತೆ, ಪಕ್ಕದ ಮನೆ ಸ್ಕೂಟರ್ ತಲೆಯೊಳಗೇ ಸ್ಟಾರ್ಟ್ ಆದಂತೆ. ಕಿತ್ತು ಡಬ್ಬಿಗೆ ಹಾಕಿಬಿಟ್ಟರು. ಸೀತಾ ಮನೆಗೆ ಬಂದು, "ದಿನಕ್ಕೆ ಒಂದೆರಡು ಗಂಟೆ ಹಾಕ್ಕೊಳ್ಳಿ, ಆಮೇಲೆ ಜಾಸ್ತಿ ಮಾಡಿ. ಅಭ್ಯಾಸ ಆಗೋಕೆ ಕೆಲವು ವಾರ ಬೇಕು. ಆಗ್ಲೂ ಸರಿಹೋಗ್ಲಿಲ್ಲ ಅಂದ್ರೆ ಆಸ್ಪತ್ರೇಲಿ ಸರಿ ಮಾಡ್ಕೊಡ್ತಾರೆ," ಎಂದರು.

ಹನುಮಂತಯ್ಯ ಪಟ್ಟು ಬಿಡಲಿಲ್ಲ. ನಾಲ್ಕನೇ ವಾರದ ಒಂದು ಬೆಳಿಗ್ಗೆ ಬೋರಮ್ಮ ಒಲೆಯ ಮುಂದೆ ನಿಂತು ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು.

"ಇದು ಸೋಬಾನೆ ಪದ ಅಲ್ವೇನೇ?" ಎಂದರು ಹನುಮಂತಯ್ಯ, ಹಾಲಿನಿಂದಲೇ.

ಬೋರಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು. "ಕೇಳಿಸ್ತಾ?"

"ಕೇಳಿಸ್ತು. ಪೂರ್ತಿ ಹಾಡು."

ಆ ಶನಿವಾರವೇ ಅವರು ಸಭೆಗೆ ಹೋದರು. ಕ್ಲಬ್ಬಿನವರೂ ಒಂದು ಪಾಠ ಕಲಿತಿದ್ದರು: ಮಾತಾಡುವಾಗ ಎದುರಿಗೆ ಮುಖ ಕೊಟ್ಟು ಮಾತಾಡುವುದು, ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು, ಕೂಗಾಡದಿರುವುದು.

ಮುಂದಿನ ಶಿಬಿರ ಕೆಂಗೇರಿಯಲ್ಲಿ, ಕಟ್ಟಡ ಕೆಲಸದವರ ಶೆಡ್ಡುಗಳ ಹತ್ತಿರ. ಕಲ್ಲು ಕೊರೆಯುವ ಮೆಷಿನ್ ಹಿಡಿದು ಹದಿನೈದು ವರ್ಷ ದುಡಿದ ಮರೆಪ್ಪ ಎಂಬಾತ ಸಾಲಿನಿಂದ ಮೆಲ್ಲಗೆ ಜಾರಿಕೊಳ್ಳುತ್ತಿದ್ದ. "ನನಗೇನ್ ಆಗೇದ್ರೀ? ಚೊಲೊ ಕೇಳ್ತೈತಿ," ಎಂದ.

ಹನುಮಂತಯ್ಯ ಹೋಗಿ ಅವನ ಪಕ್ಕ ಕೂತರು. ತಮ್ಮ ಕಿವಿಯ ಸಾಧನ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. "ನೋಡಪ್ಪ, ಇಷ್ಟೇ ಇದು. ಇದಿಲ್ದೆ ನನ್ನ ಹೆಂಡ್ತಿ ಬಿದ್ದು ಕೂಗಿದ್ದೂ ನನಗೆ ಕೇಳಿರ್ಲಿಲ್ಲ."

ಮರೆಪ್ಪ ಅಂಗೈಯನ್ನೂ ಅವರ ಮುಖವನ್ನೂ ನೋಡಿದ. ಎದ್ದು ಹೋಗಿ ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕೂತ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರಾದರೂ "ಹಾಂ? ಏನಂದೆ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಾರೆಯೇ? ನಾಲ್ಕು ಜನರ ನಡುವೆ ಸುಮ್ಮನಾಗುತ್ತಿದ್ದಾರೆಯೇ? ಬೈಯಬೇಡಿ, ನಗಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೋ, ನಿಮ್ಮ ಬಡಾವಣೆಯ ಸೇವಾ ಕ್ಲಬ್ಬಿನ ಶಿಬಿರಕ್ಕೋ ಕರೆದುಕೊಂಡು ಹೋಗಿ. ಸದ್ದಿನಲ್ಲಿ ಕೆಲಸ ಮಾಡುವವರು ನೀವಾಗಿದ್ದರೆ ಕಿವಿಗೆ ಇಯರ್‌ಪ್ಲಗ್‌ನಂತಹ ರಕ್ಷಣೆ ಹಾಕಿಕೊಳ್ಳಿ. ಒಂದೇ ದಿನದಲ್ಲಿ ಇದ್ದಕ್ಕಿದ್ದಂತೆ ಕಿವಿ ಮಂದವಾದರೆ ಅಂದೇ ವೈದ್ಯರನ್ನು ಕಾಣಿ. ನಿಮ್ಮವರು ನಿಮ್ಮನ್ನು ಕರೆಯುತ್ತಿರಬಹುದು. ಅದು ನಿಮಗೆ ಕೇಳಲಿ.